ಟೆರೇಸ್ ಫ್ಯಾಷನ್ನಿಗೆ ಬಿದ್ದು ಮಾನ ಕಳೆದುಕೊಂಡದ್ದು

ಮರ್ಯಾದೆ ಹೋಗುವ ಸಂದರ್ಭ ಬೇರೆಯವರಿಗೆ ಯಾವಾಗಲೋ ಒಮ್ಮೆ ಬರುತ್ತದೆ. ನಾನು ಸಿಂಗಪುರದಲ್ಲಿದ್ದಾಗ ನನಗೆ ಅದು ಕೊರಿಯರ್‌ನಲ್ಲೇ ಬರುತ್ತಿತ್ತು. ಸೈನ್ ಹಾಕಿ ತೆಗೆದುಕೊಳ್ಳುತ್ತಿದ್ದೆ.

ಎರಡು ಸಾವಿರದ ಹದಿಮೂರು, ಹದಿನಾಲ್ಕರ ಮಾತು. ಉಬಿಯಲ್ಲಿ ಆಫೀಸು, ಹೌಗಾಂಗ್‌ನಲ್ಲಿ ಮನೆ. ನಮ್ಮ ಮ್ಯಾನೇಜರ್ ಇಂಗ್ಲೆಂಡಿನ ಉತ್ತರದ ಕಡೆಯ ಒಂದು ಬಂದರಿನ ಊರಿನವನು. ಅವನ ಮೇಜಿನ ಮೇಲೆ ಒಂದು ಹಳೇ ಫೋಟೋ ಇತ್ತು. ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೀಟಿಲ್ಲದ ಮೆಟ್ಟಿಲುಗಳ ಮೇಲೆ ನಿಂತ ಏಳೆಂಟು ಹುಡುಗರು. ವಾರವಿಡೀ ಬಂದರಿನಲ್ಲಿ, ಫ್ಯಾಕ್ಟರಿಯಲ್ಲಿ ಮೈ ಮುರಿದು ದುಡಿದು, ಶನಿವಾರ ಮದುಮಕ್ಕಳ ಹಾಗೆ ಡ್ರೆಸ್ ಮಾಡಿಕೊಂಡು ಮ್ಯಾಚಿಗೆ ಬಂದವರು. ಗಲ್ಲದವರೆಗೆ ಜಿಪ್ ಎಳೆದ ಜಾಕೆಟ್, ಯಾರ ಹತ್ತಿರವೂ ಇಲ್ಲದ ಬಣ್ಣದ ಶೂ. ಅಂಥ ಹುಡುಗರಲ್ಲೇ ಕೆಲವರು ಆಮೇಲೆ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಿ, ಅದೇ ಜಾಕೆಟ್ಟಿನಲ್ಲಿ ಸ್ಟೇಜ್ ಹತ್ತಿದರಂತೆ. ಆ ಮೆಟ್ಟಿಲುಗಳಿಗೆ ಅಲ್ಲಿ ಟೆರೇಸ್ ಅನ್ನುತ್ತಾರೆ, ಆ ಉಡುಪಿಗೆ ಟೆರೇಸ್ ಫ್ಯಾಷನ್.

ಮೊದಲು ಅಮ್ಮ, ಆಮೇಲೆ ಹೆಂಡತಿ ಆರಿಸಿದ ಚೆಕ್ಸ್ ಶರ್ಟುಗಳಲ್ಲೇ ಮೂವತ್ನಾಲ್ಕು ವರ್ಷ ಕಳೆದಿದ್ದ ನನಗೆ ಆ ಫೋಟೋ ನೋಡಿ ಏನೋ ಆಯಿತು. ಮ್ಯಾನೇಜರ್ ಮತ್ತು ಅವನ ಊರಿನವರು ಶನಿವಾರ ರಾತ್ರಿ ಒಟ್ಟಿಗೆ ಕೂತು ಮ್ಯಾಚ್ ನೋಡುತ್ತಿದ್ದರು. ನನಗೂ ಆ ಗುಂಪಿಗೆ ಸೇರುವ ಆಸೆ. ನನಗೆ ಅವರ ಆಟ ತಿಳಿಯದು, ಅವರ ಹಾಡು ತಿಳಿಯದು. ಬಟ್ಟೆಯಾದರೂ ತಿಳಿದಿರಲಿ ಅಂತ ಶುರು ಮಾಡಿದೆ.

ಅತ್ತೆಯವರ ಪರೀಕ್ಷೆ

ಮೊದಲ ಜಾಕೆಟ್ ಬಂದಾಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಪಾರ್ಸೆಲ್ ಬಿಚ್ಚುವುದನ್ನು ಪಕ್ಕದಲ್ಲೇ ಕೂತು ನೋಡಿದರು.

"ಇದೇನು ಅಳಿಯಂದ್ರೇ?"

"ಟೆರೇಸ್ ಫ್ಯಾಷನ್ ಅಂತ ಅತ್ತೆ. ಇಂಗ್ಲೆಂಡಿಂದು."

"ಟೆರೇಸಿಗಾ?" ಅಂತ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಗಟ್ಟಿಯಾಗಿದೆ. ನೀರೂ ಹಿಡಿಯಲ್ಲ ಅನ್ಸುತ್ತೆ."

ಅರ್ಥ ಮಾಡಿಕೊಂಡರಲ್ಲ ಅಂತ ನನಗೆ ಖುಷಿ. ಮಾರನೆಯ ದಿನ ರಜೆ. ಸ್ನಾನ ಮಾಡಿ ಬಂದು ನೋಡಿದರೆ ಜಾಕೆಟ್ ಇಲ್ಲ. ಬಾಗಿಲು ತೆಗೆದರೆ ಕಾರಿಡಾರ್‌ನಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಅಂಗಾತ ಮಲಗಿದೆ. ಎರಡು ತೋಳು, ಬೆನ್ನು, ಕಾಲರ್ ಎಲ್ಲದರ ಮೇಲೂ ಸಾಲಾಗಿ ಅಕ್ಕಿ ಸಂಡಿಗೆ. ಪಕ್ಕದ ಮನೆ ಅಂಕಲ್ ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ನಾನು ಮಂಡಿಯೂರಿ ಕೂತು ಒಂದೊಂದೇ ಸಂಡಿಗೆ ಬಿಡಿಸಲು ಹೋದೆ.

ಅತ್ತೆ ಒಳಗಿಂದಲೇ ಕೂಗಿದರು. "ಇಲ್ಲಿ ಟೆರೇಸಿಗೆ ಬೀಗ ಹಾಕಿದಾರಂತೆ, ಅದಕ್ಕೇ ಅಲ್ಲಿ ಹರಡ್ದೆ. ಇನ್ನೊಂದೆರಡು ತರ್ಸಿಬಿಡಿ, ಹಪ್ಪಳಕ್ಕೂ ಆಗುತ್ತೆ!"

ಜ್ವರ

ಅದೇ ಜಾಕೆಟ್ ಒಗೆದು, ಒಂದು ಶನಿವಾರ ಗಲ್ಲದವರೆಗೆ ಜಿಪ್ ಎಳೆದುಕೊಂಡು ಹೊರಟೆ. ಮನೆಯಿಂದ ಎಂಆರ್‌ಟಿ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆ. ಅಷ್ಟರಲ್ಲಿ ಬೆವರು ಜಾಕೆಟ್ಟಿನ ಒಳಗೆ ಇಳಿದು ಸಾಕ್ಸ್ ತಲುಪಿತ್ತು. ಟ್ರೇನಿನೊಳಗೆ ಎಸಿ ಹೊಡೆದ ಕೂಡಲೇ ಗಡಗಡ ನಡುಗತೊಡಗಿದೆ. ಜಿಪ್ ಮಾತ್ರ ಇಳಿಸಲಿಲ್ಲ. ಆ ಫೋಟೋದಲ್ಲಿ ಯಾರೂ ಇಳಿಸಿರಲಿಲ್ಲ.

ವಯಸ್ಸಾದವರಿಗೆ, ಕಾಯಿಲೆಯವರಿಗೆ ಅಂತ ಬಿಟ್ಟಿರುವ ಸೀಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಚೀನೀ ಆಂಟಿ ಕೂತಿದ್ದರು. ನನ್ನನ್ನೇ ನೋಡಿ, ಊರುಗೋಲು ಹಿಡಿದು ಎದ್ದು ನಿಂತು, ಮಾತಿನ ಕೊನೆಗೆ ಆ, ಲಾ ಸೇರಿಸುವ ಸಿಂಗಪುರದ ಇಂಗ್ಲಿಷಿನಲ್ಲಿ ಕೇಳಿದರು.

"ಅಂಕಲ್, ಯೂ ಸಿಕ್ ಆ? ಸಿಟ್, ಸಿಟ್."

ನಾನು ನಾಚಿ, "ನೋ ಆಂಟಿ, ನಾಟ್ ಸಿಕ್. ಫ್ಯಾಷನ್" ಅಂದೆ.

ಆಂಟಿ ತಲೆಯಿಂದ ಕಾಲಿನವರೆಗೆ ನೋಡಿ, ಭುಜ ಹಿಡಿದು ನನ್ನನ್ನು ಕೂರಿಸಿದರು.

"ಸೇಮ್ ಲಾ. ಸಿಟ್."

ಮೂವತ್ತು ವರ್ಷದ ಶೂ

ಜಾಕೆಟ್ ಆದ ಮೇಲೆ ಶೂ. ಫೋಟೋದಲ್ಲಿದ್ದಂಥದ್ದೇ ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕಿ, ಮೂವತ್ತು ವರ್ಷ ಹಳೆಯದು, ಒಮ್ಮೆಯೂ ಹಾಕದ್ದು ತರಿಸಿದೆ. ಒಳ್ಳೆ ದಿನಕ್ಕಿರಲಿ ಅಂತ ಡಬ್ಬಿಯಲ್ಲೇ ಇಟ್ಟಿದ್ದೆ. ಹಳೇ ಶೂಗಳ ಅಡಿ ಸಿಂಗಪುರದ ಸೆಕೆಗೆ ಒಳಗೊಳಗೇ ಲಡ್ಡಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಒಳ್ಳೆ ದಿನ ಬಂದದ್ದು ಟೋವಾ ಪಾಯೋದಲ್ಲಿ, ಒಬ್ಬ ಕ್ಲೈಂಟ್ ಆಫೀಸಿನಲ್ಲಿ. ಕೆನೆ ಬಣ್ಣದ ಕಾರ್ಪೆಟ್ಟು. ನಮ್ಮ ಸಾಫ್ಟ್‌ವೇರಿನ ಪ್ರೆಸೆಂಟೇಷನ್ ನನ್ನದೇ. ಹತ್ತು ನಿಮಿಷ ಆಗಿರಬೇಕು, ಕ್ಲೈಂಟ್ ಕಡೆಯ ಮೇಡಂ ನೆಲ ನೋಡಿ, "ಯಾರು ಇಲ್ಲಿ ಚಾಕೊಲೇಟ್ ಕೇಕ್ ತಿಂದೋರು?" ಅಂದರು. ಬಾಗಿಲಿಂದ ಮೇಜಿನವರೆಗೂ ಕಪ್ಪು ಪುಡಿ ಉದುರಿತ್ತು. ನಾನೂ ಎಲ್ಲರ ಮುಖವನ್ನು ಸ್ವಲ್ಪ ಖಾರವಾಗಿಯೇ ನೋಡಿದೆ. ಆಮೇಲೆ ವೈಟ್‌ಬೋರ್ಡಿನ ಕಡೆ ಹೊರಟೆ. ಎಡಗಾಲು ತಣ್ಣಗಾಯಿತು. ತಿರುಗಿ ನೋಡಿದರೆ ಶೂವಿನ ಅಡಿ ಕುರ್ಚಿ ಹತ್ತಿರವೇ ಉಳಿದಿದೆ, ಮೇಲಿನ ಅರ್ಧ ಮಾತ್ರ ನನ್ನ ಜೊತೆ ಬಂದಿದೆ.

ಕ್ಲೀನಿಂಗ್ ಆಂಟಿ ವ್ಯಾಕ್ಯೂಮ್ ತಂದು ಕಾಲೆತ್ತಿ ಅಂದರು. ಎಡಗಾಲು ಎತ್ತಿದೆ, ಬಲಗಾಲು ಎತ್ತಿದೆ. ಬಲದ್ದೂ ಉದುರಿತು. ಆದರೂ ಕೊನೆಯ ಸ್ಲೈಡ್ ಓದಿಯೇ ಮುಗಿಸಿದೆ.

ಮೇಡಂ ಬಹಳ ಸೌಜನ್ಯದಿಂದ ಕೇಳಿದರು. "ನಿಮ್ಮ ಸಾಫ್ಟ್‌ವೇರಿಗೆ ವಾರಂಟಿ ಎಷ್ಟು ವರ್ಷ ಅಂದ್ರಿ?"

ಹಾಡು

ಇಷ್ಟಾದರೂ ಮ್ಯಾನೇಜರ್ ನನ್ನನ್ನು ಶನಿವಾರದ ಗುಂಪಿಗೆ ಸೇರಿಸಿಕೊಂಡಿದ್ದ. ಹೀಗೆ ಡ್ರೆಸ್ ಮಾಡುವವನಿಗೆ ಆ ಹಾಡುಗಳೆಲ್ಲ ಬಾಯಿಪಾಠ ಇರುತ್ತವೆ ಅನ್ನುವುದು ಅವನ ನಂಬಿಕೆ. ನಾನೂ ತಲೆಯಾಡಿಸಿಕೊಂಡೇ ಬಂದಿದ್ದೆ.

ಟೀಮ್ ಕರೋಕೆಗೆ ಹೋದಾಗ ಸಿಕ್ಕಿಬಿದ್ದೆ. ಅವನ ಊರಿನ ಬ್ಯಾಂಡಿನ ಹಾಡು ಹಾಕಿ, "ಇದನ್ನ ನನಗಿಂತ ಚೆನ್ನಾಗಿ ಬಲ್ಲವನು ಇವನು" ಅಂತ ಮೈಕ್ ನನ್ನ ಕೈಗಿಟ್ಟ. ಸ್ಕ್ರೀನಿನಲ್ಲಿ ಸಾಲು ಬರುತ್ತದಲ್ಲ ಅಂತ ಧೈರ್ಯ ಮಾಡಿದೆ. ಆ ದಿನವೇ ಸ್ಕ್ರೀನು ಹ್ಯಾಂಗ್ ಆಗಿ ಮ್ಯೂಸಿಕ್ ಒಂದೇ ಬಂತು. ಮೊದಲ ಸಾಲಿಗೆ ಲಲಲಾ ಅಂದೆ. ಎರಡನೆಯದಕ್ಕೂ ಲಲಲಾ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಗಾಬರಿಯಲ್ಲಿ ಪ್ರೈಮರಿ ಸ್ಕೂಲಿನಲ್ಲಿ ಶನಿವಾರ ಶನಿವಾರ ಹಾಡಿಸುತ್ತಿದ್ದ ದೇವರನಾಮ ಬಾಯಿಗೆ ಬಂತು. ತಾಳಕ್ಕೂ ಸರಿಹೋಯಿತು. ಕಣ್ಣು ಮುಚ್ಚಿಕೊಂಡು ಮೂರು ಚರಣ ಹಾಡಿಬಿಟ್ಟೆ.

ಮ್ಯಾನೇಜರ್ ಜೊತೆ ಬಂದಿದ್ದ ಅವನ ಊರಿನ ಗೆಳೆಯನೊಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದ. "ನಮ್ಮೂರಿನ ಮಾತು ಇಷ್ಟು ಪಕ್ಕಾ ಆಡ್ತಾನಲ್ಲ! ನನಗೇ ಅರ್ಥ ಆಗಲಿಲ್ಲ!"

ಬಚಾವಾದೆ ಅಂದುಕೊಂಡೆ. ಹಿಂದಿನ ಸೋಫಾದಲ್ಲಿ ಮೈಸೂರಿನ ಹುಡುಗಿ, ನಮ್ಮ ಹೊಸ ಟೆಸ್ಟರ್, ಕೂತಿದ್ದಳು. ನನ್ನನ್ನು ಬಿಟ್ಟರೆ ಅಲ್ಲಿದ್ದವರಲ್ಲಿ ಕನ್ನಡ ಬರುತ್ತಿದ್ದುದು ಅವಳಿಗೊಬ್ಬಳಿಗೇ. ಮೆಲ್ಲಗೆ ಕೇಳಿದಳು.

"ಸರ್, ಮಂಗಳಾರತಿ ತಟ್ಟೆ ತರ್ಲಾ?"

ಎರಡು ಹಲ್ಲು

ಎಲ್ಲಕ್ಕಿಂತ ಹೆಚ್ಚು ನಾಚಿಕೆ ಆಗುವುದು ಇದನ್ನು ನೆನೆದರೆ.

ಮ್ಯಾನೇಜರನ ತಂದೆ ಮಗನನ್ನು ನೋಡಲು ಸಿಂಗಪುರಕ್ಕೆ ಬಂದರು. ನಲವತ್ತು ವರ್ಷ ಹಡಗಿನ ಸರಕು ಇಳಿಸಿದ ಮನುಷ್ಯ. ನಿಜವಾಗಿಯೂ ಆ ಮೆಟ್ಟಿಲ ಮೇಲೆ ನಿಂತವರು. ಇಬ್ಬರನ್ನೂ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಅವರಿಗೆ ತೋರಿಸಲೆಂದೇ ಎದೆಯ ಮೇಲೆ ಕಸೂತಿ ಬ್ಯಾಡ್ಜ್ ಇರುವ ಹೊಸ ಜಾಕೆಟ್ ತರಿಸಿದ್ದೆ.

"ರೀ, ಮನೆಯೊಳಗೆ ಜಾಕೆಟ್ ಯಾಕ್ರೀ?" ಅಂದಳು ಹೆಂಡತಿ.

"ಅವರಿಗೆ ಗೊತ್ತಾಗುತ್ತೆ, ಸುಮ್ನಿರು" ಅಂದೆ.

ಇಸ್ತ್ರಿ ಮಾಡಿದ ಸಾದಾ ಬಿಳಿ ಶರ್ಟಿನಲ್ಲಿ ಬಂದ ಅವರು ಬಾಗಿಲಲ್ಲೇ ನಿಂತು ನನ್ನ ಬ್ಯಾಡ್ಜ್ ನೋಡಿದರು. ಊಟಕ್ಕೆ ಕೂತೆವು. ನಾನು ಅವರಿಗೇ ಟೆರೇಸ್ ಫ್ಯಾಷನ್ ಅಂದರೇನು ಅಂತ ಪಾಠ ಮಾಡಿದೆ. ಕಾರ್ಮಿಕರ ಸ್ವಾಭಿಮಾನ, ಸಂಗೀತ, ಎಲ್ಲ. ಅವರು ತಲೆ ತಗ್ಗಿಸಿ ಚಿತ್ರಾನ್ನ ತಿನ್ನುತ್ತಿದ್ದರು.

ಆಮೇಲೆ ಕೇಳಿದರು. "ನೀವು ಎಷ್ಟು ವರ್ಷದಿಂದ ಇವರ ಕಡೆ?"

ಇವರು ಅಂದರೆ ಯಾರು ಅಂತ ನನಗೆ ಗೊತ್ತಿರಲಿಲ್ಲ. ಆದರೂ ಎದೆ ತಟ್ಟಿಕೊಂಡು, "ಹುಟ್ಟಿದಾಗಿನಿಂದ ಸರ್, ಸಾಯೋವರೆಗೂ!" ಅಂದೆ. ಮ್ಯಾನೇಜರ್ ಫ್ಯಾನ್ ನೋಡತೊಡಗಿದ.

ಮುದುಕರು ಚಮಚ ಕೆಳಗಿಟ್ಟರು. "ಜಾಕೆಟ್ಟಿಗೆ ನಾವು ನಾಲ್ಕು ತಿಂಗಳು ಕೂಡಿಡ್ತಾ ಇದ್ವಿ. ಶನಿವಾರ ಒಂದಿನ ನಮ್ಮನ್ನ ನೋಡಿದವರಿಗೆ ನಾವೇನು ಕೆಲಸ ಮಾಡ್ತೀವಿ ಅಂತ ಗೊತ್ತಾಗಬಾರದು, ಅಷ್ಟೇ. ನೀವು ಹಾಕ್ಕೊಂಡಿರೋದು ಕ್ಲಬ್ಬಿನ ಬ್ಯಾಡ್ಜ್ ಅಲ್ಲ. ಮ್ಯಾಚಿಗೆ ಹೊಡೆದಾಡೋಕೆ ಅಂತಲೇ ಬರ್ತಿದ್ದ ಒಂದು ಗ್ಯಾಂಗಿಂದು. ಒಂದ್ಸಲ ರೈಲ್ವೆ ಸ್ಟೇಷನ್ ಹಿಂದೆ ಅವರು ಹದಿನೈದು ಜನ, ನಾವು ಇಬ್ಬರು."

ಅಷ್ಟು ಹೇಳಿ, ಬಾಯಿಗೆ ಕೈ ಹಾಕಿ, ಕಟ್ಟಿಸಿಕೊಂಡಿದ್ದ ಎರಡು ಮುಂದಿನ ಹಲ್ಲು ತೆಗೆದು ಹಪ್ಪಳದ ಪಕ್ಕ ಇಟ್ಟರು.

"ಅಸಲಿ ಎರಡು ನಿಮ್ಮವರ ಹತ್ರ ಉಳ್ಕೊಂಡಿವೆ. ಇವತ್ತು ಊಟಕ್ಕೆ ಕರೆದಿದ್ದು ನೋಡಿ, ವಾಪಸ್ ಕೊಡ್ತೀರೇನೋ ಅಂದ್ಕೊಂಡೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮದು ಹನ್ನೊಂದನೇ ಮಹಡಿ, ಅದಕ್ಕೂ ದಾರಿಯಿಲ್ಲ. ಜಾಕೆಟ್ ಬಿಚ್ಚಿ, ಬನಿಯನ್ನಿನಲ್ಲೇ ನಿಂತು ತಪ್ಪೊಪ್ಪಿಕೊಂಡೆ. "ಸರ್, ನನಗೆ ಏನೂ ಗೊತ್ತಿಲ್ಲ. ಬಣ್ಣ ಚೆನ್ನಾಗಿತ್ತು ಅಂತ ತಗೊಂಡೆ. ಒಂದು ಮ್ಯಾಚೂ ನೆಟ್ಟಗೆ ನೋಡಿಲ್ಲ. ನನ್ನ ಹತ್ತಿರ ನಿಮ್ಮ ಹಲ್ಲು ಇಲ್ಲ ಸರ್."

ಆರು ವರ್ಷದ ನನ್ನ ಮಗಳು ಇಷ್ಟನ್ನೂ ಕೇಳಿ, ಮೆಲ್ಲಗೆ ಎದ್ದು ರೂಮಿಗೆ ಹೋದಳು. ಒಂದು ಪುಟ್ಟ ಡಬ್ಬಿ ತಂದು, ಆ ವಾರವಷ್ಟೇ ಬಿದ್ದಿದ್ದ ತನ್ನ ಎರಡು ಹಾಲು ಹಲ್ಲುಗಳನ್ನು ಮುದುಕರ ಅಂಗೈಯಲ್ಲಿಟ್ಟಳು.

"ಅಂಕಲ್, ನಂದು ತಗೊಳ್ಳಿ ಲಾ. ನಿಮ್ದನ್ನ ಪಪ್ಪಾ ಎಲ್ಲೋ ಕಳ್ಕೊಂಡ್ಬಿಟ್ಟಿದಾರೆ."