ನಾಲ್ಕನೆಯ ಸಲದ ಕರೆ

ಶುಕ್ರವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೇಸರಿ ಮತ್ತು ನಿಂಬೆರಸದಲ್ಲಿ ರಾತ್ರಿಯಿಡೀ ನೆನೆದ ಕೋಳಿ ತುಂಡುಗಳನ್ನು ಕಬ್ಬಿಣದ ಕಡ್ಡಿಗಳಿಗೆ ಪೋಣಿಸುತ್ತಾ ನಾನೊಂದು ಐತಿಹಾಸಿಕ ಪ್ರತಿಜ್ಞೆ ಮಾಡಿದೆ.

"ಗುಲ್ನಾರ್, ಇವತ್ತು ನಿನಗೆ ಜಲಪಾತ ತೋರಿಸದೆ ವಾಪಸ್ ಬಂದರೆ ನನ್ನ ಡಿಗ್ರಿ ಸರ್ಟಿಫಿಕೇಟು ಹರಿದುಹಾಕ್ತೀನಿ!"

"ಅದನ್ನ ಹೋದ ವರ್ಷವೇ ಹರೀಬೇಕಿತ್ತು," ಎಂದಳು ನನ್ನ ಹೆಂಡತಿ, ಫ್ಲಾಸ್ಕಿನ ಮುಚ್ಚಳ ಬಿಗಿಯುತ್ತಾ. "ಅದರ ಹಿಂದಿನ ವರ್ಷಾನೂ."

ಮಾತು ಸುಳ್ಳಲ್ಲ. ನಮ್ಮೂರು ಗೊರ್ಗಾನಿನಿಂದ ಅರ್ಧ ಗಂಟೆ ಹೋದರೆ ಹೆದ್ದಾರಿಗೆ ಅಂಟಿಕೊಂಡೇ ಒಂದು ಪುಟ್ಟ ಕಾಡಿನ ಪಾರ್ಕಿದೆ. ಮದುವೆಯಾದಾಗಿನಿಂದ ಪ್ರತಿ ವಸಂತಕ್ಕೂ ಹೋಗುತ್ತೇವೆ. ಕಾರಿನ ಚಕ್ರಕ್ಕೆ ತಾಗಿದಂತೆ ಜಮಖಾನ ಹಾಸುತ್ತೇವೆ, ತಿನ್ನುತ್ತೇವೆ. ವಾರವಿಡೀ ಪ್ರಯೋಗಾಲಯದಲ್ಲಿ ಮಣ್ಣು ಜರಡಿ ಹಿಡಿದು ಸುಸ್ತಾದ ನಾನು ಮಲಗಿಬಿಡುತ್ತೇನೆ. ಎದ್ದಾಗ ಸಂಜೆ! ಪಾಪ, ಗುಲ್ನಾರ್ ಇದುವರೆಗೆ ನೋಡಿರುವುದು 'ಜಲಪಾತ' ಎಂದು ಬರೆದ ಬಾಣದ ಹಲಗೆಯನ್ನು ಮಾತ್ರ.

"ನಾನಂತೂ ಹತ್ತಲ್ಲಪ್ಪ," ಎಂದರು ಅತ್ತೆ ಮಾಹ್‌ಸುಲ್ತಾನ್. "ನನ್ನ ಮೊಣಕಾಲಿಗೆ ಕಾರಿಂದ ಜಮಖಾನದವರೆಗೆ ಮಾತ್ರ ಪರವಾನಗಿ."

"ಹೆಚ್ಚೇನಿಲ್ಲ ಅತ್ತೆ, ಸಾವಿರದ ಇನ್ನೂರು ಮೀಟರ್!" ಎಂದು ಕಡ್ಡಿಯನ್ನು ಕತ್ತಿಯಂತೆ ಎತ್ತಿ ಸಾರಿದೆ. "ನಕ್ಷೆಯಲ್ಲಿ ಅಳೆದಿದ್ದೀನಿ. ಅಂಬೆಗಾಲಿಡೋ ಮಗೂನೂ ಹೋಗಿಬರುತ್ತೆ!"

ಪಾರ್ಕು ತಲುಪಿದೊಡನೆ ಗುಲ್ನಾರ್ ಬೂಟಿನ ಲೇಸು ಬಿಗಿದಳು. "ಮೊದಲು ಹತ್ತಿ ಬರೋಣ, ಆಮೇಲೆ ಊಟ."

"ಖಾಲಿ ಹೊಟ್ಟೇಲಿ ಹತ್ತೋದು ವಿಜ್ಞಾನಕ್ಕೇ ವಿರುದ್ಧ ಕಣೇ!" ಎಂದು ಕೆಂಡ ಹೊತ್ತಿಸಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಪಕ್ಕದ ಜಮಖಾನದವರನ್ನು ಕರೆಯದೆ ನಾವು ತುತ್ತೆತ್ತುವಂತಿಲ್ಲ. ಕರೆದರೆಂದು ಅವರು ಬರುವಂತಿಲ್ಲ. ಮೂರು ಸಲ ಕರೆಯಬೇಕು, ಮೂರು ಸಲ ಅವರು ಒಲ್ಲೆನ್ನಬೇಕು. ಮರ್ಯಾದೆ ಇಬ್ಬರಿಗೂ ಉಳಿಯುತ್ತದೆ, ಕಬಾಬು ನಮಗೆ ಉಳಿಯುತ್ತದೆ!

"ಬನ್ನಿ ಆಗಾ ಸಾಹೇಬ್ರೇ, ನಮ್ಮ ಜೊತೆ ಎರಡು ತುತ್ತು!" ಎಂದೆ, ಪಕ್ಕದಲ್ಲಿ ಕುಳಿತಿದ್ದ ದಪ್ಪ ಮೀಸೆಯವರಿಗೆ.

"ನಿಮ್ಮ ಕೈ ನೋಯದಿರಲಿ. ನಮ್ದು ಈಗಷ್ಟೇ ಆಯ್ತು."

"ಬರಲೇಬೇಕು!"

"ನಿಮಗ್ಯಾಕೆ ತೊಂದರೆ ಆಗಾ."

"ದೇವರಾಣೆ ಬನ್ನಿ!"

"ನಿಮ್ಮ ನೆರಳು ನಮ್ಮ ಮೇಲಿರಲಿ, ಅಷ್ಟೇ ಸಾಕು."

ಅಲ್ಲಿಗೆ ಮೂರು ಮುಗಿದಿತ್ತು. ಆದರೆ ಕಣ್ಣಿಗೆ ಹೊಗೆ ನುಗ್ಗಿ, ಒಂದು ಕಡ್ಡಿ ಹೊತ್ತಿಕೊಂಡು, ಬೀಸಣಿಗೆ ಬೀಸಿ ಕೈ ಸೋತು, ನನ್ನ ಲೆಕ್ಕ ತಪ್ಪಿತು.

"ಅದೆಲ್ಲ ಆಗಲ್ಲ, ಬನ್ನಿ ಅಂದ್ರೆ ಬನ್ನಿ!"

ನಾಲ್ಕನೆಯ ಸಲ ಕರೆದರೆ ಅದು ಉಪಚಾರವಲ್ಲ, ಹೃದಯದ ಕರೆ! ಒಲ್ಲೆನ್ನುವುದೇ ಅವಮಾನ. ಮೀಸೆಯವರು ಗಂಭೀರವಾಗಿ ಎದ್ದು ಚಪ್ಪಲಿ ಮೆಟ್ಟಿದರು. ಹೆಸರು ಇಸ್ಫಂದಿಯಾರ್, ನಿವೃತ್ತ ಬಸ್ ಡ್ರೈವರ್. ಹಿಂದೆಯೇ ಅವರ ಹೆಂಡತಿ ತೂಬಾ ಖಾನಮ್. ಅವರ ಹಿಂದೆ, ಮರದ ಮರೆಯಲ್ಲಿ ಮಲಗಿದ್ದು ನನಗೆ ಕಾಣದೇ ಹೋಗಿದ್ದ ಅವರ ಇಬ್ಬರು ತಮ್ಮಂದಿರು!

"ಎಣಿಸೋಕೂ ಬರಲ್ವಾ?" ಗುಲ್ನಾರ್ ಕಿವಿಯಲ್ಲಿ ಬುಸುಗುಟ್ಟಿದಳು. "ಮೂರರ ಮೇಲೆ ಯಾಕೆ ಹೋದ್ರಿ?"

"ಹೊಗೆ ಕಣೇ..."

"ಇದಕ್ಕೊಂದು ಡಿಗ್ರಿ ಬೇರೆ ಕೇಡು!"

ನನ್ನ ಪಾಲಿಗೆ ಬಂದದ್ದು ಸುಟ್ಟ ಟೊಮೆಟೊ. ತಿಂದು ಮುಗಿಸಿದ ಇಸ್ಫಂದಿಯಾರ್ ಮೀಸೆ ಒರೆಸಿ ಘೋಷಿಸಿದರು: "ಇನ್ನು ಚಹಾ ನಮ್ಮ ಜಮಖಾನದ ಮೇಲೆ!" ಮೂರು ಸಲ ಒಲ್ಲೆನೆಂದೆ. ಮಹಾನುಭಾವರು ನಾಲ್ಕನೆಯ ಸಲವೂ ಕರೆದುಬಿಟ್ಟರು!

"ನೀವು ಮೊದಲು ಕುಡೀರಿ."

"ಛೇ ಛೇ, ನಿಮಗಿಂತ ಮೊದಲಾ?"

ಚಹಾ ತಣ್ಣಗಾಯಿತು. ಚೆಲ್ಲಿ ಬಿಸಿಬಿಸಿ ಬಗ್ಗಿಸಿದರು. ಮತ್ತೆ "ನೀವು ಮೊದಲು!" ಅಷ್ಟರಲ್ಲಿ ಗುಲ್ನಾರ್ ಬಂದು ನಿಂತಳು.

"ಫರ್‌ಹಂಗ್ ಜಾನ್, ಜಲಪಾತ?" ಮುದ್ದಿನ ಆ 'ಜಾನ್' ಚೂರಿಯಂತಿತ್ತು.

"ಇದೊಂದೇ ಗ್ಲಾಸು. ಬಂದೆ."

"ಸರಿ. ನಾವು ಹೆಂಗಸರು ನಲ್ಲಿ ಹತ್ರ ಪಾತ್ರೆ ತೊಳ್ಕೊಂಡು ಬರ್ತೀವಿ." ತೂಬಾ ಖಾನಮ್ ಹೊರಟರು. ಅತ್ತೆಯೂ ಹೊರಟರು. ಮೊಣಕಾಲು ನೋವಿನ ಅತ್ತೆ, ಅದೂ ಪಾತ್ರೆ ತೊಳೆಯಲು! ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಏಳುವುದು, ಅವರು "ಈಗಷ್ಟೇ ಬಂದ್ರಲ್ಲ ಆಗಾ!" ಎಂದು ಕೂರಿಸುವುದು. ಒಮ್ಮೆ ಬೆಳ್ಳುಳ್ಳಿ ಉಪ್ಪಿನಕಾಯಿ, ಒಮ್ಮೆ ಸೌತೆಕಾಯಿ. ನಡುವೆ ತಮ್ಮಂದಿರಲ್ಲೊಬ್ಬ ನನ್ನ ಹೆಗಲಿಗೇ ಒರಗಿ ನಿದ್ದೆ ಹೋದ. ಬಿಡುಗಡೆಯಾಗುವಷ್ಟರಲ್ಲಿ ಬಿಸಿಲು ಮರದ ತುದಿಗೇರಿತ್ತು. ನಮ್ಮ ಜಮಖಾನದ ಮೇಲೆ ಬಂದು ದೊಪ್ಪನೆ ಬಿದ್ದೆ.

ಆಗ ಬಾಣದ ಹಲಗೆಯ ಕಡೆಯಿಂದ ಮೂವರೂ ನಗುತ್ತಾ ಇಳಿದು ಬಂದರು. ಬೂಟು, ಚಪ್ಪಲಿ ಎಲ್ಲ ಒದ್ದೆ. ಗುಲ್ನಾರಳ ತಲೆವಸ್ತ್ರದ ಅಂಚಿನಲ್ಲಿ ಕಾಡುಹೂವು.

"ಪಾತ್ರೆ ತೊಳೆಯೋಕೆ ಇಷ್ಟು ಹೊತ್ತಾ?"

"ಪಾತ್ರೆ ಡಿಕ್ಕಿಯಲ್ಲೇ ಇದೆ, ತೊಳೆದಿಡಿ," ಎಂದಳು. ಆಮೇಲೆ ದನಿ ತಗ್ಗಿಸಿ, "ನೀರು ಮುಖಕ್ಕೇ ಹಾರುತ್ತೆ, ಗೊತ್ತಾ? ನೀವೂ ಇರಬೇಕಿತ್ತು," ಎಂದಳು. ಅವಳ ರೆಪ್ಪೆಯ ಮೇಲೆ ಇನ್ನೂ ಹನಿಗಳಿದ್ದವು. ಇಷ್ಟು ವರ್ಷ ಒಂದು ಹಲಗೆ ತೋರಿಸಿ ಸಾಗಹಾಕಿದ್ದೆನಲ್ಲ ಎಂದು ನನಗೆ ನಿಜಕ್ಕೂ ಕೆಡುಕೆನಿಸಿತು.

"ನಾನೂ ನೋಡಬೇಕು," ಎಂದು ನರಳಿದೆ. "ಆದರೆ ಕಾಲಲ್ಲಿ ಶಕ್ತಿಯೇ ಇಲ್ಲ. ತುಂಬಾ ದೂರನಾ?"

ಅತ್ತೆ ನನ್ನ ಪಕ್ಕ ಕುಳಿತು, ಒದ್ದೆ ಕಾಲುಚೀಲ ಹಿಂಡುತ್ತಾ ಹೇಳಿದರು:

"ಏಳಪ್ಪ, ಹೋಗಿ ಬಾ. ಹೆಚ್ಚೇನಿಲ್ಲ, ಸಾವಿರದ ಇನ್ನೂರು ಮೀಟರ್."