ದೇವರ ಕೋಣೆಯಲ್ಲಿದ್ದ ವೆಬ್‌ಸೈಟು

ನನಗೆ ಕಂಪ್ಯೂಟರ್ ಬರುತ್ತದೆ ಎಂದು ನಮ್ಮ ಓಣಿಯಲ್ಲಿ ಹೆಸರಿತ್ತು. ‘ಇತ್ತು’ ಎಂಬುದನ್ನು ದಯವಿಟ್ಟು ಗಮನಿಸಿ.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ. ರೊಟ್ಟಿ, ಪಲ್ಯ, ರುಚಿ, ಇವೆಲ್ಲ ನನ್ನ ಹೆಂಡತಿ ಪಾರ್ವತಿಯ ಖಾತೆ. ಗಲ್ಲಾದ ಮೇಲೆ ಕೂರುವುದು, ಗಿರಾಕಿಗಳ ಜೊತೆ ರಾಜಕೀಯ ಮಾತಾಡುವುದು ಮತ್ತು ವೆಬ್‌ಸೈಟು ನನ್ನ ಖಾತೆ. ಖಾನಾವಳಿಗೆ ವೆಬ್‌ಸೈಟ್ ಯಾಕೆ ಎಂದು ಕೇಳಬೇಡಿ. ಆಗ ಊರ ತುಂಬ ಗಣಿಯ ಗದ್ದಲ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ದೊಡ್ಡ ಕಾರಿನ ಕಿಟಕಿ ಇಳಿಸಿ ನಮಸ್ಕಾರ ಹೇಳುತ್ತಿದ್ದರು. ನನಗೆ ಕಾರು ತರುವ ಯೋಗ್ಯತೆ ಇರಲಿಲ್ಲ, ವೆಬ್‌ಸೈಟ್ ಮಾಡಿಸಿದೆ.

ಮಾಡಿಕೊಟ್ಟವನು, ಅದನ್ನು ತನ್ನ ಬಳಿಯೇ ಇಟ್ಟುಕೊಂಡು ನಡೆಸುತ್ತಿದ್ದವನು ಸೋಮಶೇಖರ. ಇಂಟರ್‌ನೆಟ್ ಸೆಂಟರ್ ಇಟ್ಟಿದ್ದ. ಮೊದಲೆರಡು ವರ್ಷ ಚೆನ್ನಾಗಿತ್ತು. ಆಮೇಲೆ ಅವನೂ ಎಲ್ಲರಂತೆ ಅದಿರು ಸಾಗಿಸಲು ಟಿಪ್ಪರ್ ಕೊಂಡ. ಅಂದಿನಿಂದ ಅವನ ಕುರ್ಚಿ ಖಾಲಿ, ನಮ್ಮ ವೆಬ್‌ಸೈಟು ವಾರದಲ್ಲಿ ಮೂರು ದಿನ ಖಾಲಿ. ಫೋನ್ ಮಾಡಿದರೆ ಒಂದೇ ಉತ್ತರ.

“ಸರ್ವರ್ ಅಮೆರಿಕಾದಾಗ ಐತ್ರಿ ಅಣ್ಣಾರ. ಅಲ್ಲೆ ಈಗ ರಾತ್ರಿ.”

ಬೆಳಿಗ್ಗೆ ಕೇಳಿದರೂ ರಾತ್ರಿ, ಸಂಜೆ ಕೇಳಿದರೂ ರಾತ್ರಿ. ಆ ದೇಶದವರು ಏಳುವುದು ಯಾವಾಗ, ದುಡಿಯುವುದು ಯಾವಾಗ ಎಂದು ನನಗೆ ನಿಜವಾಗಿಯೂ ಕನಿಕರವಾಗುತ್ತಿತ್ತು.

ಒಂದು ದಿನ ವೆಬ್‌ಸೈಟ್ ತೆರೆದರೆ ನಮ್ಮ ರೊಟ್ಟಿ ಊಟದ ಫೋಟೋದ ಮೇಲೆ ‘ಟಿಪ್ಪರ್ ಬಾಡಿಗೆಗೆ ಸಿಗುತ್ತದೆ’ ಎಂಬ ಕೆಂಪು ಸಾಲು ಓಡುತ್ತಿತ್ತು. ಎಣ್ಣೆಗಾಯಿಯ ಮೇಲೆಯೇ ಟಿಪ್ಪರ್ ಹಾಯ್ದಂತಾಯಿತು. ತೆಗೆ ಎಂದು ಹೇಳಿದೆ. ಅಮೆರಿಕಾದಲ್ಲಿ ರಾತ್ರಿಯಾಗಿತ್ತು.

ಅಷ್ಟರಲ್ಲೇ ಆ ದೊಡ್ಡ ಅವಕಾಶ ಬಂತು. ಸಂಡೂರಿನ ಬಳಿಯ ಒಂದು ಗಣಿ ಕಚೇರಿಯ ವಿರೂಪಾಕ್ಷಪ್ಪನವರು ನಮ್ಮಲ್ಲಿ ಊಟ ಮಾಡಿ, ಕೈ ತೊಳೆದು ಹೇಳಿದರು: “ನಮ್ಮ ಆಫೀಸಿಗೆ ದಿನಾ ಮಧ್ಯಾಹ್ನದ ಊಟ ಕಳಸೋರು ಬೇಕಾಗ್ಯಾರ. ನಿಮ್ಮದು ವೆಬ್‌ಸೈಟ್ ಐತೇನು? ಸೋಮವಾರ ಮ್ಯಾನೇಜರ್ ಸಾಹೇಬ್ರಿಗೆ ತೋರಸ್ತೀನಿ.”

ನನ್ನ ಎದೆ ಉಬ್ಬಿತು. ಪಾರ್ವತಿಯ ಕಣ್ಣುಗಳು ಅರಳಿದವು. ರೊಟ್ಟಿ ಬಡಿಯಲು ಓಣಿಯ ಮೂವರು ಹೆಂಗಸರಿಗೆ ಕೆಲಸ ಕೊಡಬೇಕು, ಹೊಗೆ ಕುಡಿಯದ ಹಾಗೆ ಹಿತ್ತಲಲ್ಲಿ ದೊಡ್ಡ ಅಡುಗೆಮನೆ ಕಟ್ಟಬೇಕು ಎಂಬುದು ಅವಳ ಬಹುದಿನದ ಆಸೆ. ಅಂದೇ ಸಂಜೆ ಪಕ್ಕದ ಮನೆಯ ಹುಲಿಗೆಮ್ಮನಿಗೆ ಮಾತು ಕೊಟ್ಟೂಬಿಟ್ಟಳು.

ಸೋಮವಾರಕ್ಕೆ ಇನ್ನೂ ಆರು ದಿನ. ಟಿಪ್ಪರ್ ಓಡುವ ವೆಬ್‌ಸೈಟ್ ತೋರಿಸುವುದು ಹೇಗೆ? ವೆಬ್‌ಸೈಟಿನ ಮನೆಯನ್ನೇ ಬದಲಿಸಿಬಿಡೋಣ ಎಂದು ನಿರ್ಧರಿಸಿದೆ. ಪೇಪರಿನಲ್ಲಿ ಜಾಹೀರಾತು ನೋಡಿ ಬೇರೊಂದು ಕಂಪನಿಗೆ ಫೋನ್ ಮಾಡಿದೆ. ಒಬ್ಬ ಮೇಡಂ ಬಹಳ ತಾಳ್ಮೆಯಿಂದ ವಿವರಿಸಿದರು: “ಮೊದಲು ಎಲ್ಲ ನಮಗೆ ಕಳಿಸಿ ಸರ್. ಇಲ್ಲಿ ಸರಿಯಾಗಿ ಕಾಣಿಸಿದ ಮೇಲೆ ಹಳೆಯದನ್ನು ನಿಲ್ಲಿಸಿ. ಅವಸರ ಮಾಡಬೇಡಿ. ಬ್ಯಾಕಪ್ ಇದೆ ಅಲ್ವಾ?”

“ಐತ್ರಿ ಮೇಡಂ. ಭಾಳ ಜ್ವಾಪಾನ ಮಾಡೀನಿ. ದೇವರ ಕೋಣಿಯಾಗ ಐತಿ.”

ಮೇಡಂ ‘ಎಲ್ಲಿ?’ ಎಂದು ಎರಡು ಸಲ ಕೇಳಿದರು.

ಬ್ಯಾಕಪ್ ಎಂದರೆ ಒಂದು ಸಿಡಿ. ವೆಬ್‌ಸೈಟ್ ಆರಂಭದ ದಿನ ಸೋಮಶೇಖರ ಕೊಟ್ಟಿದ್ದು. ಅದು ಕೈಯಲ್ಲಿದ್ದ ಧೈರ್ಯದಿಂದ ನಾನು ಮೇಡಂ ಹೇಳಿದ ಕ್ರಮ ಬಿಟ್ಟು ನಮ್ಮ ಮನೆತನದ ಕ್ರಮ ಹಿಡಿದೆ. ನಮ್ಮಲ್ಲಿ ಬಾಡಿಗೆ ಮನೆ ಬಿಡುವಾಗ ಮೊದಲು ಪೂರ್ತಿ ಖಾಲಿ ಮಾಡಿ, ಕಸ ಗುಡಿಸಿ, ಮಾಲೀಕರ ಕೈಗೆ ಕೀಲಿ ಕೊಟ್ಟು, ಆಮೇಲೆ ಹೊಸ ಮನೆಯ ಹೊಸ್ತಿಲು ತುಳಿಯುವುದು. ಎರಡೂ ಕಡೆ ಸಂಸಾರ ಇಟ್ಟವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

ಒಂದು ಡಬ್ಬಿ ಹೋಳಿಗೆ ಹಿಡಿದು ಸೋಮಶೇಖರನ ಬಳಿ ಹೋದೆ. ಜೊತೆಗೊಂದು ಅರ್ಜಿಯನ್ನೂ ಬರೆದಿದ್ದೆ: ‘ನಮ್ಮ ವೆಬ್‌ಸೈಟಿಗೆ ಸಂಬಂಧಪಟ್ಟ ಸಕಲ ಸಾಮಾನು ಸರಂಜಾಮುಗಳನ್ನು ತಮ್ಮ ಸ್ಥಳದಿಂದ ಸಂಪೂರ್ಣವಾಗಿ ತೆಗೆದುಹಾಕಿ, ಹೆಸರನ್ನು ಹೊಸ ಕಂಪನಿಗೆ ಬಿಟ್ಟುಕೊಡಬೇಕಾಗಿ ವಿನಂತಿ. ನಮ್ಮದೊಂದು ಕಡ್ಡಿಯೂ ತಮ್ಮಲ್ಲಿ ಉಳಿಯಕೂಡದು.’

ಓದಿದ ಸೋಮಶೇಖರನ ಮುಖ ಸಿಂಡರಿಸಿತು. “ಪೂರಾ ಅಳಿಸ್ಲೇನ್ರಿ ಅಣ್ಣಾರ?”

“ಪೂರಾ.”

“ಮತ್ತ ಕೇಳಬಾರದು ನೋಡ್ರಿ.”

“ಕೇಳಾದಿಲ್ಲ,” ಎಂದು ಸಹಿ ಹಾಕಿದೆ. ಹೆಬ್ಬೆಟ್ಟು ಒತ್ತು ಅಂದಿದ್ದರೆ ಅದನ್ನೂ ಒತ್ತುತ್ತಿದ್ದೆ.

ವೆಬ್‌ಸೈಟಿನಲ್ಲಿ ಒಂದು ಫೋನ್ ನಂಬರ್ ತಿದ್ದಲು ಮೂರು ತಿಂಗಳು ತೆಗೆದುಕೊಂಡಿದ್ದ ಮನುಷ್ಯ, ಹೋಳಿಗೆ ಮುಗಿಯುವುದರೊಳಗೆ ಎಲ್ಲವನ್ನೂ ಅಳಿಸಿದ. ಅಂದು ಅಮೆರಿಕಾದಲ್ಲಿ ಹಗಲಿತ್ತು.

ಮನೆಗೆ ಬಂದು ದೇವರ ಕೋಣೆಯಿಂದ ಸಿಡಿ ತೆಗೆದೆ. ಮಹಾನವಮಿಯಲ್ಲಿ ನಾವು ದುಡಿಮೆಯ ಸಾಮಾನಿಗೆಲ್ಲ ಪೂಜೆ ಮಾಡುತ್ತೇವೆ. ತಕ್ಕಡಿ, ಹಿಟ್ಟು ನಾದುವ ಕೊಮ್ಮಣಿಗೆ, ರೊಟ್ಟಿ ಹಂಚು, ಅವುಗಳ ಸಾಲಿನಲ್ಲಿ ಸಿಡಿ. ಮೂರು ಮಹಾನವಮಿ ಅದಕ್ಕೆ ನಾನೇ ಸ್ನಾನ ಮಾಡಿ, ಮಡಿಯಲ್ಲಿ, ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದೆ. ಅಕ್ಷರವಿದ್ದ ಬದಿ ಬೆನ್ನು, ಹೊಳೆಯುವ ಬದಿ ಮುಖ ಎಂದು ನನ್ನ ತಿಳಿವಳಿಕೆ. ವಿಭೂತಿ ಹಚ್ಚುವುದು ಮುಖಕ್ಕೇ ತಾನೆ?

ಕಂಪ್ಯೂಟರಿಗೆ ಹಾಕಿದೆ. ಅದು ಸ್ವಲ್ಪ ಹೊತ್ತು ಕೆಮ್ಮಿ, ಸಿಡಿಯನ್ನು ಹೊರಗೆ ದಬ್ಬಿತು. ಒಳಗೂ ಒಂದಿಷ್ಟು ಕುಂಕುಮ ಉದುರಿತ್ತು.

“ತೊಳದ್ರ ಹೋಗ್ತತಿ,” ಎಂದೆ.

“ಮೇಡಮ್ಮಾರನ್ನ ಒಂದು ಮಾತು ಕೇಳ್ರಿ,” ಎಂದಳು ಪಾರ್ವತಿ.

ಕೇಳಲಿಲ್ಲ. ಹಿತ್ತಾಳೆ ಕೊಡ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಲ್ಲಿ ತಿಕ್ಕಿದೆ. ಕುಂಕುಮ ಹೋಯಿತು. ಹೊಳಪೂ ಹೋಯಿತು. ಸಿಡಿಯ ಆಚೆಯಿಂದ ಪಾರ್ವತಿಯ ಮುಖ ಕಾಣತೊಡಗಿತು.

ಫೋಟೋಗಳಾದರೂ ಸಿಗಬಹುದೆಂದು ಸ್ಟುಡಿಯೋಗೆ ಓಡಿದೆ. ಫೋಟೋಗ್ರಾಫರ್ ಬೀಗ ಹಾಕಿ ಗಣಿಯಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದ. ಸೋಮಶೇಖರನಿಗೆ ಫೋನ್ ಮಾಡಿದೆ. ನನ್ನ ಅರ್ಜಿಯನ್ನೇ ನನಗೆ ಓದಿ ಹೇಳಿದ.

ಸೋಮವಾರ ಬಂತು. ಏನೂ ಕಳಿಸದಿದ್ದವರ ವೆಬ್‌ಸೈಟಿನಲ್ಲಿ ಹೊಸ ಕಂಪನಿಯವರು ತಾವೇ ಒಂದು ಚಿತ್ರ ಹಾಕುತ್ತಾರಂತೆ, ‘ಕೆಲಸ ನಡೆಯುತ್ತಿದೆ’ ಎಂದು ತಿಳಿಸಲು. ತಲೆಗೆ ಹಳದಿ ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ ಸಲಿಕೆಯಿಂದ ಒಂದೇ ಸಮನೆ ಮಣ್ಣು ಅಗೆಯುವ ಚಿತ್ರ.

ಮಧ್ಯಾಹ್ನ ವಿರೂಪಾಕ್ಷಪ್ಪನವರ ಫೋನ್ ಬಂತು. “ಏನ್ರಿ ಕೊಟ್ರೇಶಪ್ಪಾರ, ಒಂದು ಮಾತು ಹೇಳಬಾರದ? ನೀವೂ ಗಣಿಗೆ ಇಳದೀರಂತ ಗೊತ್ತಿರಲಿಲ್ಲ. ಸಾಹೇಬ್ರು ನೋಡಿ, ಇವರ್ನೂ ಅದಿರು ಹಿಡೀತು, ಊಟಕ್ಕ ಬ್ಯಾರೆಯವರನ್ನ ಹುಡಕ್ರಿ ಅಂದ್ರು.”

ಅದು ಗಣಿಯಲ್ಲ, ಖಾನಾವಳಿಯೇ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ತಪ್ಪು ಅವರದಲ್ಲ. ಊರಲ್ಲಿ ಅಗೆಯದೇ ಉಳಿದವರನ್ನು ಅವರು ನೋಡಿರಲೇ ಇಲ್ಲ.

ಪಾರ್ವತಿ ಬೈಯಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, ಹುಲಿಗೆಮ್ಮನಿಗೆ ಏನು ಹೇಳಲಿ ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಬಹಳ ನಾಚಿಕೆಯಾಯಿತು.

ಮರುದಿನ ನಸುಕಿಗೇ ಒಲೆ ಹೊತ್ತಿತ್ತು. ಎದ್ದು ನೋಡಿದರೆ ಬುಟ್ಟಿ ತುಂಬ ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ.

“ಏಳ್ರಿ, ಬುಟ್ಟಿ ಹೊರ್ರಿ. ಸಂಡೂರು ಬಸ್ಸು ಹೋಗ್ತತಿ,” ಎಂದಳು.

ಗಣಿ ಕಚೇರಿಯಲ್ಲಿ ಮ್ಯಾನೇಜರ್ ಸಾಹೇಬರ ಮೇಜಿನ ಮೇಲೆ ಅವಳೇ ಬಡಿಸಿದಳು. ನಾನು ಬುಟ್ಟಿಯ ಮುಚ್ಚಳ ಹಿಡಿದು ನಿಂತಿದ್ದೆ. ಸಾಹೇಬರು ಮೂರನೆಯ ರೊಟ್ಟಿ ಮುರಿಯುತ್ತ ಕೇಳಿದರು: “ಅಲ್ಲಮ್ಮಾ, ಆ ವೆಬ್‌ಸೈಟ್‌ನಾಗ ಅಗಿಯಾವ ಯಾರು?”

“ಅದು ನಮ್ಮ ಮನಿಯವರ ಕೆಲಸರಿ ಸಾಹೇಬ್ರ. ಊಟಕ್ಕೂ ಅದಕ್ಕೂ ಸಂಬಂಧ ಇಲ್ರಿ.”

ಸಾಹೇಬರು ಒಮ್ಮೆ ನನ್ನನ್ನು, ಒಮ್ಮೆ ಮುಚ್ಚಳವನ್ನು ನೋಡಿದರು. ಊಟದ ಗುತ್ತಿಗೆ ಪಾರ್ವತಿಗೆ ಸಿಕ್ಕಿತು. ದಿನಾ ಹನ್ನೆರಡಕ್ಕೆ ಊಟ ಗೇಟಿಗೆ ಬರಬೇಕೆಂಬುದು ಷರತ್ತು. ಯಾರು ತರುತ್ತಾರೆ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು.

ಹುಲಿಗೆಮ್ಮನೂ ಮತ್ತಿಬ್ಬರೂ ಕೆಲಸಕ್ಕೆ ಬಂದರು, ಹಿತ್ತಲಲ್ಲಿ ಅಡುಗೆಮನೆಯೂ ಎದ್ದಿತು. ಸಿಡಿಯನ್ನು ಮಾಳಿಗೆಯ ಮೇಲೆ ದಾರ ಕಟ್ಟಿ ತೂಗುಹಾಕಿದ್ದೇವೆ. ಮಿಕ್ಕಿರುವ ಹೊಳಪಿನಲ್ಲೇ ಹಪ್ಪಳದಿಂದ ಕಾಗೆ ಓಡಿಸುತ್ತದೆ.

ಒಂದು ದಿನ ಗಣಿಯ ಗೇಟಿನಲ್ಲಿ ಹೊಸ ವಾಚ್‌ಮನ್ ಇದ್ದ. ದಾರಿಯ ಕೆಂಧೂಳು ಮೆತ್ತಿ ನನ್ನ ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ. “ಯಾವ ಲಾರಿಯವ ನೀನು?” ಎಂದು ತಡೆದ.

ಖಾನಾವಳಿ ಮಾಲೀಕ ಕೊಟ್ರೇಶಪ್ಪ ಎಂದೆ. ಅವನು ಅಲುಗಾಡಲಿಲ್ಲ. ನಮ್ಮದೊಂದು ವೆಬ್‌ಸೈಟು ಕೂಡ ಇದೆ ಎಂದೆ. ಅವನು ಬೀಡಿ ಹಚ್ಚಿದ.

“ಪಾರ್ವತಮ್ಮಾರು ರೊಟ್ಟಿ ಕಳಿಸ್ಯಾರ್ರಿ,” ಎಂದೆ.

ಗೇಟು ತೆರೆಯಿತು.