ಭಾವನ ಸರಾಸರಿಯಿಂದ ನನ್ನನ್ನು ತೆಗೆದ ಕಥೆ

ತಿಪಟೂರಿನಲ್ಲಿ ಎಲ್ಲರೂ ಇವತ್ತಿನ ಕೊಬ್ಬರಿ ರೇಟು ಕೇಳುತ್ತಾರೆ. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ‘ಇವತ್ತು’ ಎಂಬುದನ್ನೇ ನಂಬುವವರಲ್ಲ! “ಒಂದು ದಿನದ ರೇಟು ಭಾರಿ ಸುಳ್ಳುಬುರುಕ ಕಣಯ್ಯ. ಹಿಂದಿನ ಏಳನ್ನ ಸೇರಿಸಿ ಕೇಳು, ಆಗ ನಿಜ ಬಾಯಿ ಬುಡ್ತದೆ” ಎನ್ನುತ್ತಿದ್ದರು.

ಅವರದು ಚಲಿಸುವ ಸರಾಸರಿಯ ಹುಚ್ಚು. ಕೊನೆಯ ಏಳು ಅಂಕಿಗಳನ್ನು ಕೂಡಿ ಭಾಗಿಸುವುದು. ಹೊಸದೊಂದು ಬಂದೊಡನೆ ಹಳೆಯದೊಂದನ್ನು ಇಳಿಸುವುದು. ಥೇಟ್ ನಮ್ಮೂರು ಹೊನ್ನವಳ್ಳಿಯ ಬಸ್ಸಿನ ಹಾಗೆ, ಮುಂದೆ ಒಬ್ಬ ಹತ್ತಿದರೆ ಹಿಂದಿನಿಂದ ಒಬ್ಬ ಇಳಿಯಬೇಕು. (ನಮ್ಮ ಬಸ್ಸಿನಲ್ಲಿ ಇಳಿಯುವವರೇ ಇರುವುದಿಲ್ಲ, ಅದು ಬೇರೆ ಮಾತು.) ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಹಳೆಯ ಕಂಪ್ಯೂಟರೊಂದು ಮನೆಗೆ ಬಂದ ಮೇಲಂತೂ ಹುಚ್ಚಿಗೂ ಕರೆಂಟು ಸಿಕ್ಕಿತು. ಕರೆಂಟು ಇದ್ದಾಗ!

ಅಟ್ಟದ ಮೇಲೆ ಒಣಗಿದ ಕಾಯಿ ಗಲಗಲ ಎನ್ನುತ್ತಿದ್ದರೂ ಭಾವ ಮಾರಲು ಇಳಿಸಲಿಲ್ಲ. ಹಬ್ಬದ ವಾರಗಳ ರೇಟು ಬಿಟ್ಟು ನೋಡಬೇಕಂತೆ. ಫಿಲ್ಟರ್ ಹಾಕಿದರು. ಹಬ್ಬದ ಸಾಲುಗಳು ಪರದೆಯಿಂದ ಮಾಯವಾದವು. ಸರಾಸರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. “ನೋಡ್ಲಾ, ಕಣ್ಣಿಗೆ ಮರೆಯಾದ್ರೂ ಒಳಗೇ ಕೂತು ಲೆಕ್ಕಕ್ಕೆ ಬತ್ತಾವೆ!” ಕಾಣುವ ಸಾಲುಗಳನ್ನಷ್ಟೇ ಎಣಿಸುವ ಸೂತ್ರವನ್ನು ಅವರು ಹೊಂದಿಸುವಷ್ಟರಲ್ಲಿ ಅಟ್ಟದ ಇಲಿಗಳು ತಮ್ಮ ಪಾಲು ಮುಗಿಸಿದ್ದವು.

“ಇಲಿಗೂ ಒಂದು ಫಿಲ್ಟರ್ ಹಾಕ್ರೀ” ಅಂದಳು ಅಕ್ಕ.

ಅಷ್ಟರಲ್ಲಿ ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂತು. ಲೋಟದ ಪಕ್ಕಕ್ಕೆ ಮಜ್ಜಿಗೆ ಸುರಿಯುತ್ತಿದ್ದಳು. ಒಮ್ಮೆ ಈಳಿಗೆಮಣೆಯಲ್ಲಿ ಬೆರಳನ್ನೇ ಹೆಚ್ಚಿಕೊಂಡಳು. ಬಿ.ಪಿ. ಇಳಿಯದೆ ಆಪರೇಷನ್ ಇಲ್ಲ ಎಂದರು ಡಾಕ್ಟರು. ಭಾವನಿಗೆ ಅಷ್ಟೇ ಸಾಕಾಯಿತು! ದಿನಾ ಬೆಳಿಗ್ಗೆ ಅವಳ ತೋಳಿಗೆ ಪಟ್ಟಿ ಸುತ್ತಿ, ಅಳೆದು, ಕಂಪ್ಯೂಟರಿಗೆ ಉಣಿಸತೊಡಗಿದರು. ಪಕ್ಕದಲ್ಲೇ ಕಾರಣದ ಕಾಲಂ: ಉಪ್ಪಿನಕಾಯಿ, ಪಂಪ್‌ಸೆಟ್ ಸುಟ್ಟದ್ದು, ಓರಗಿತ್ತಿಯ ಫೋನು. ಒಂದೊಂದನ್ನೇ ತೆಗೆದು ಸರಾಸರಿಯ ಗೆರೆ ಇಳಿಯುತ್ತದೆಯೇ ಎಂದು ನೋಡುವರು. ಓರಗಿತ್ತಿ ಕೂಡ ನಿರಪರಾಧಿ ಎಂದಾಯಿತು!

ಒಂದು ದಿನ ಅಕ್ಕ ಹಿತ್ತಲಲ್ಲಿದ್ದಾಗ ನನ್ನನ್ನು ಪರದೆಯ ಮುಂದೆ ಕೂರಿಸಿದರು.

“ಇದು ಎಲ್ಲಾ ದಿನದ್ದು. ಈಗ ನೀನು ಬಂದ ದಿನಗಳ್ನ ತೆಗೀತೀನಿ, ನೋಡು.”

ಒಂದು ಕ್ಲಿಕ್. ಬಾವಿಗೆ ಬಿಟ್ಟ ಕೊಡದಂತೆ ಗೆರೆ ಸರ್ರನೆ ಇಳಿಯಿತು!

“ಅಂದ್ರೆ, ಕಾಯಿಲೆ ನಾನಾ ಭಾವ?”

“ನಾನಂದ್ನಾ? ಸರಾಸರಿ ಅಂತು.”

ನಾನೋ ಹುಟ್ಟಾ ಚಿಂತೆಗಾರ. ಬಸ್ಸು ತಡವಾದರೆ ಅಪಘಾತ, ಬೇಗ ಬಂದರೆ ಬ್ರೇಕಿಲ್ಲ ಎಂದುಕೊಳ್ಳುವವನು. ಚಿಂತೆಯನ್ನೆಲ್ಲ ಅಕ್ಕನ ಮುಂದೆ ಸುರಿದು, ಹಗುರಾಗಿ, ಅವಳು ಬಡಿಸಿದ್ದನ್ನು ಗಡದ್ದಾಗಿ ಉಂಡು ಬರುವುದೇ ನನ್ನ ರೂಢಿ. ಇನ್ನು ಸೂತ್ರದಲ್ಲಿ ತಪ್ಪು ಹುಡುಕುವುದಾದರೂ ಹೇಗೆ? ಆಪರೇಷನ್ ಮುಗಿಯುವವರೆಗೆ ಆ ಬೀದಿಗೇ ಕಾಲಿಡಬಾರದೆಂದು ಹೊನ್ನವಳ್ಳಿಯಲ್ಲೇ ಉಳಿದೆ. ದನಿ ಕೇಳಿದರೂ ಬಿ.ಪಿ. ಏರೀತೆಂದು ಫೋನನ್ನೂ ಮಾಡಲಿಲ್ಲ.

ತಿಂಗಳು ಕಳೆದಿರಬೇಕು. ಭಾವನ ಸ್ಕೂಟರ್ ನಮ್ಮ ಬಾಗಿಲಲ್ಲಿ ಬಂದು ನಿಂತಿತು. ಅವರ ಮುಖ ಬಾಡಿತ್ತು.

“ಹತ್ತು ಲೇ.”

“ಅಕ್ಕನಿಗೇನಾಯ್ತು?”

“ಡಾಕ್ಟ್ರು ಆಪರೇಷನ್ ಮತ್ತೆ ಮುಂದಕ್ಕಾಕಿದ್ರು. ನೀನು ಬಂದ ದಿನ ಏರ್ತಿತ್ತು, ಮಾರನೇ ದಿನ ಇಳೀತಿತ್ತು ಕಣ್ಲಾ. ನೀನು ಬರೋದು ಬುಟ್ಟ ಮ್ಯಾಲೆ ದಿನಾ ಏರ್ತಾನೇ ಐತೆ. ಬಸ್ಸಿನ ಸದ್ದಾದ್ರೆ ಸಾಕು, ಬಾಗ್ಲಿಗೆ ಬಂದು ನಿಂತ್ಕೋತಾಳೆ. ಕಣ್ಣು ಕಾಣಾಕಿಲ್ಲ, ಬಂದೋರ್ನೆಲ್ಲ ‘ಬಂದ್ಯೇನೋ’ ಅಂತಾಳೆ. ನಿನ್ನೆ ಹಾಲಿನೋನಿಗೂ ಅಂದ್ಲು.”

ತಿಪಟೂರಿನಲ್ಲಿ ಸ್ಕೂಟರ್ ನಿಂತಾಗ ಅಕ್ಕ ಬಾಗಿಲಲ್ಲೇ ಇದ್ದಳು, ಚೌಕಟ್ಟು ಹಿಡಿದುಕೊಂಡು.

“ಬಂದ್ಯೇನೋ?”

ನಾನು ಸ್ಕೂಟರಿನಿಂದ ಇಳಿಯುವಷ್ಟರಲ್ಲಿ ಭಾವನೇ ಹೇಳಿದರು:

“ಈ ಸಲ ಬಂದವ್ನೆ ಕಣೇ.”